ಬ್ರೈನ್ ಮ್ಯಾಪಿಂಗ್ ಸುಳ್ಳು ಹೇಳುವುದಿಲ್ಲವೇ? ಅದರ ಗಡಿಯಾರವೇ ತಪ್ಪಿದರೆ?

ಯಾವುದಾದರೂ ದೊಡ್ಡ ಅಪರಾಧ ನಡೆದಾಗ, ಬ್ರೈನ್ ಮ್ಯಾಪಿಂಗ್ ಮಾಡಿಸಿದರೆ ಸತ್ಯ ತಾನಾಗಿ ಹೊರಬೀಳುತ್ತದೆ ಎಂಬ ಸಂದೇಶ ನಿಮ್ಮ ವಾಟ್ಸಪ್‌ಗೂ ಬಂದಿರಬಹುದು. ಫಾರ್ವರ್ಡ್ ಮಾಡುವ ಮೊದಲು ಆ ಯಂತ್ರ ಅಳೆಯುವುದೇನು ಎಂದು ನೋಡೋಣ.

ತಲೆಗೆ ಅಂಟಿಸಿದ ಎಲೆಕ್ಟ್ರೋಡ್‌ಗಳು ಮೆದುಳಿನ ಸೂಕ್ಷ್ಮ ವಿದ್ಯುತ್ ಏರಿಳಿತವನ್ನು ದಾಖಲಿಸುತ್ತವೆ. ಇದೇ ಇಇಜಿ. ಫಿಟ್ಸ್ ಇದ್ದವರಿಗೆ ವೈದ್ಯರು ಮಾಡಿಸುವುದೂ ಇದನ್ನೇ. ಮನಸ್ಸಿಗೆ ಮುಖ್ಯವೆನಿಸುವ ಚಿತ್ರ ಪರದೆಯಲ್ಲಿ ಕಂಡರೆ, 300 ಮಿಲಿಸೆಕೆಂಡ್ ಅಥವಾ ತುಸು ತಡವಾಗಿ ‘ಪಿ300’ ಎಂಬ ಅಲೆ ಏಳುತ್ತದೆ. ಹಾಗಾಗಿ ಚಿತ್ರ ಯಾವ ಕ್ಷಣ ಕಂಡಿತು ಎಂಬ ಗುರುತೇ ಇಲ್ಲಿ ಎಲ್ಲಕ್ಕೂ ಆಧಾರ.

ಪುತ್ತೂರು ಜಾತ್ರೆಯ ಬೆಡಿಯನ್ನು ಒಂದು ಕಿಲೋಮೀಟರ್ ದೂರದಿಂದ ನೋಡಿ. ಬೆಳಕು ಕಂಡು ಸುಮಾರು 3 ಸೆಕೆಂಡ್ ಬಳಿಕ ಸದ್ದು ಕೇಳುತ್ತದೆ. ಪ್ರತಿ ಸಲವೂ ಅಷ್ಟೇ ತಡವಾದರೆ ಲೆಕ್ಕದಲ್ಲಿ ಕಳೆದರಾಯಿತು. ಇಇಜಿಯಲ್ಲೂ ಇಂಥ ಸ್ಥಿರ ವಿಳಂಬವಿದ್ದರೆ ಮೊದಲು ಪರದೆಯನ್ನು ಅನುಮಾನಿಸಬೇಕು. 60 ಹರ್ಟ್ಸ್ ಪರದೆಗೆ ಒಂದು ಚಿತ್ರ ಬರೆಯಲು ಸುಮಾರು 17 ಮಿಲಿಸೆಕೆಂಡ್ ಬೇಕು. ಪರದೆಗೆ ಬೆಳಕಿನ ಸೆನ್ಸರ್ ಅಂಟಿಸಿದರೆ ನಿಜವಾದ ಕ್ಷಣ ಸಿಗುತ್ತದೆ. ಗದ್ದಲ ತೆಗೆಯುವ ಕೆಲವು ಫಿಲ್ಟರ್‌ಗಳೂ ಅಲೆಯನ್ನು ಹಿಂದಕ್ಕೆ ತಳ್ಳುತ್ತವೆ. ಅದಕ್ಕೇ ದಾಖಲೆಯನ್ನು ಮುಂದಿನಿಂದಲೂ ಹಿಂದಿನಿಂದಲೂ ಸೋಸುವ ಕ್ರಮವಿದೆ. ಆಗ ಅಲೆಯ ತುದಿ ಬಹುಮಟ್ಟಿಗೆ ಜಾಗದಲ್ಲೇ ಉಳಿಯುತ್ತದೆ, ಆದರೆ ಅಲೆ ಇದ್ದುದಕ್ಕಿಂತ ಬೇಗ ಶುರುವಾದಂತೆ ಕಾಣಬಹುದು!

ತಡ ಹೊತ್ತು ಕಳೆದಂತೆ ಹೆಚ್ಚುತ್ತಾ ಹೋದರೆ? ಎರಡು ಯಂತ್ರಗಳ ಗಡಿಯಾರ ಹೊಂದುತ್ತಿಲ್ಲ ಎಂದರ್ಥ. ಹತ್ತು ಲಕ್ಷಕ್ಕೆ 50ರಷ್ಟು ವ್ಯತ್ಯಾಸವಿದ್ದರೂ ಒಂದು ಗಂಟೆಯಲ್ಲಿ 180 ಮಿಲಿಸೆಕೆಂಡ್ ಜಾರಿರುತ್ತದೆ. ಪಿ300ರ ಲೆಕ್ಕದಲ್ಲಿ ಇದು ಸಣ್ಣದಲ್ಲ. ಸೆಕೆಂಡಿಗೆ 1000 ಬಿಂದುಗಳಿದ್ದ ದಾಖಲೆಯನ್ನು 250ಕ್ಕೆ ಇಳಿಸಿ, ಗುರುತುಗಳ ಸಂಖ್ಯೆಯನ್ನು ಇಳಿಸದೆ ಬಿಟ್ಟರೆ ಇನ್ನೂ ಕೆಟ್ಟದು: 4ನೇ ಸೆಕೆಂಡಿನ ಘಟನೆ 16ನೇ ಸೆಕೆಂಡಿಗೆ ಹೋಗಿ ಕೂರುತ್ತದೆ. ಒಮ್ಮೆಲೇ ಜಿಗಿತ ಕಂಡರೆ ನಡುವೆ ದಾಖಲೆ ಕಳೆದಿದೆಯೇ, ಯಾರಾದರೂ ಕತ್ತರಿಸಿದ್ದಾರೆಯೇ ಎಂದು ಹುಡುಕಬೇಕು.

ಹಲವು ಸಲದ ದಾಖಲೆಗಳ ಸರಾಸರಿ ತೆಗೆದೇ ಪಿ300 ನೋಡುವುದು. ಒಂದೊಂದು ಸಲ ಒಂದೊಂದು ರೀತಿ ತಡವಾದರೆ ಸರಾಸರಿಯಲ್ಲಿ ಅಲೆ ಚಪ್ಪಟೆಯಾಗಿ, ಗೊತ್ತಿದ್ದವನೂ ಗೊತ್ತಿಲ್ಲದವನಂತೆ ಕಾಣಬಹುದು. ಸಮಯ ಸರಿಯಿದ್ದರೂ ಆ ಅಲೆ ಹೆಚ್ಚೆಂದರೆ ಪರಿಚಯವನ್ನು ಸೂಚಿಸೀತು, ಅಪರಾಧವನ್ನಲ್ಲ. ಸ್ಥಳದ ಫೋಟೊ ಪೇಪರಿನಲ್ಲಿ ನೋಡಿದವರಿಗೂ ಅದು ಪರಿಚಿತವೇ.

ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2010ರ ಮೇ 5ರಂದು ಸ್ಪಷ್ಟವಾಗಿ ಹೇಳಿದೆ: ಮಂಪರು ಪರೀಕ್ಷೆ, ಸುಳ್ಳು ಪತ್ತೆ ಪರೀಕ್ಷೆ, ಬ್ರೈನ್ ಮ್ಯಾಪಿಂಗ್ ಯಾವುದನ್ನೂ ಯಾರ ಮೇಲೂ ಬಲವಂತವಾಗಿ ಮಾಡುವಂತಿಲ್ಲ. ಒಪ್ಪಿ ಮಾಡಿಸಿಕೊಂಡರೂ ಅದರ ಫಲಿತಾಂಶವೇ ಸಾಕ್ಷ್ಯವಾಗದು.