ತುಪ್ಪದ ಮಿಳ್ಳೆ ಮತ್ತು ವನಸ್ಪತಿಯ ಡಬ್ಬ

ಕಳೆದ ಯುಗಾದಿಯ ದಿನ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಸಂಸಾರಸಮೇತನಾಗಿ ಮನೆಗೆ ಬಂದಿದ್ದ. ನನ್ನ ಪತ್ನಿ ಒಬ್ಬಟ್ಟಿಗೆ ತುಪ್ಪ ಬಡಿಸಲು ಹೋದಾಗ ಅವನು ಎಲೆಗೆ ಅಂಗೈಯನ್ನು ಅಡ್ಡ ಹಿಡಿದ. ಹಿಂದಿನ ವರ್ಷವಷ್ಟೇ ಅವನ ಹೃದಯದ ರಕ್ತನಾಳಕ್ಕೆ ಸ್ಟೆಂಟ್ ಹಾಕಿದ್ದರು. "ತುಪ್ಪ ವಿಷ ಅಂತ ಒಬ್ಬರು, ಅಮೃತ ಅಂತ ಇನ್ನೊಬ್ಬರು. ನಮಗೆ ವಿಜ್ಞಾನ ಹೇಳಿಕೊಟ್ಟವರು ನೀವು, ನೀವೇ ಹೇಳಿ ಸಾರ್" ಎಂದ. ಅಂದು ನಾನು ನಕ್ಕು ಸುಮ್ಮನಾದೆ. ಇದೇ ಪ್ರಶ್ನೆಗೆ ಬಹಳ ಹಿಂದೆ ಒಮ್ಮೆ ಖಚಿತವಾಗಿ ಉತ್ತರ ಹೇಳಿ, ಆಮೇಲೆ ಪಶ್ಚಾತ್ತಾಪಪಟ್ಟವನು ನಾನು.

1976ರಲ್ಲಿ ನಮ್ಮ ತಂದೆಯವರಿಗೆ ಮೊದಲ ಹೃದಯಾಘಾತವಾಯಿತು. ಆಗ ಅವರಿಗೆ 52 ವರ್ಷ. ಊರಿನ ವೈದ್ಯರು ಬೆಣ್ಣೆ ತುಪ್ಪ ಬಿಡುವಂತೆ ಹೇಳಿದರು. ಅದು ಆ ಕಾಲದ ತಿಳಿವಳಿಕೆ, ಅವರದೇನೂ ತಪ್ಪಿರಲಿಲ್ಲ. ಆದರೆ ತುಪ್ಪದ ಬದಲು ಏನು ಎಂದು ಅಮ್ಮ ಕೇಳಿದಾಗ ಉತ್ತರ ಕೊಟ್ಟವನು ಬಿ.ಎಸ್ಸಿ. ಓದುತ್ತಿದ್ದ ನಾನು. "ವನಸ್ಪತಿ ತರೋಣಮ್ಮ. ಅದು ಗಿಡದ ಎಣ್ಣೆ, ಅದರಲ್ಲಿ ಕೊಲೆಸ್ಟ್ರಾಲ್ ಇಲ್ಲ" ಎಂದೆ. ಅಡುಗೆಮನೆಯ ತುಪ್ಪದ ಮಿಳ್ಳೆ ಅಟ್ಟ ಸೇರಿತು. 1987ರಲ್ಲಿ ಎರಡನೆಯ ಆಘಾತದಿಂದ ತಂದೆಯವರು ತೀರಿಕೊಳ್ಳುವ ತನಕ ಪೂರಿ, ಚಕ್ಕುಲಿ, ಹಬ್ಬದ ಸಿಹಿ ಎಲ್ಲವೂ ವನಸ್ಪತಿಯಲ್ಲೇ ಆಗುತ್ತಿದ್ದವು.

ವೈದ್ಯರ ಆ ಸಲಹೆಯ ಮೂಲವನ್ನು ನೋಡೋಣ. 1913ರಲ್ಲಿ ರಷ್ಯಾದ ಅನಿಚ್ಕೋವ್ ಮೊಲಗಳಿಗೆ ಕೊಲೆಸ್ಟ್ರಾಲ್ ತಿನ್ನಿಸಿ ಅವುಗಳ ರಕ್ತನಾಳಗಳು ಕೆಡುವುದನ್ನು ತೋರಿಸಿದ್ದರು. 1953ರಲ್ಲಿ ಅಮೆರಿಕದ ಆನ್ಸೆಲ್ ಕೀಸ್, ಆರು ದೇಶಗಳಲ್ಲಿ ಜನ ತಿನ್ನುವ ಕೊಬ್ಬಿಗೂ ಹೃದ್ರೋಗದ ಸಾವಿಗೂ ನಂಟಿದೆಯೆಂದು ಒಂದು ನಕ್ಷೆ ಬರೆದರು. 22 ದೇಶಗಳ ಅಂಕಿ ಅಂಶ ಲಭ್ಯವಿರುವಾಗ ಆರನ್ನೇ ಏಕೆ ಆರಿಸಿದಿರಿ ಎಂದು 1957ರಲ್ಲಿ ಇಬ್ಬರು ಆಕ್ಷೇಪಿಸಿದರು. ಈ ನಡುವೆ 1955ರಲ್ಲಿ ಅಧ್ಯಕ್ಷ ಐಸೆನ್‌ಹೋವರ್ ಅವರಿಗೇ ಹೃದಯಾಘಾತವಾಗಿ, ಇಡೀ ಅಮೆರಿಕ ಈ ರೋಗದ ಮಾತಾಡತೊಡಗಿತು. ಕೀಸ್ ಮುಂದೆ ಏಳು ದೇಶಗಳ ಹನ್ನೆರಡು ಸಾವಿರಕ್ಕೂ ಹೆಚ್ಚು ಪುರುಷರನ್ನು ವರ್ಷಾನುಗಟ್ಟಲೆ ಅಧ್ಯಯನ ಮಾಡಿ ತಮ್ಮ ವಾದವನ್ನು ಬಲಪಡಿಸಿದರು. ಬೆಣ್ಣೆ, ತುಪ್ಪ, ಮಾಂಸದಲ್ಲಿರುವ ಪರ್ಯಾಪ್ತ ಕೊಬ್ಬೇ, ಅಂದರೆ ವೈದ್ಯರು ಸ್ಯಾಚುರೇಟೆಡ್ ಎನ್ನುವ ಕೊಬ್ಬೇ, ಮುಖ್ಯ ಅಪರಾಧಿಯೆಂಬ ತೀರ್ಮಾನ ಕ್ರಮೇಣ ಲೋಕಕ್ಕೆಲ್ಲ ಹಬ್ಬಿತು.

ನಮ್ಮ ದೇಶದಲ್ಲೂ ಒಂದು ಅಧ್ಯಯನ ನಡೆದಿತ್ತು. ರೈಲ್ವೆಯ ವೈದ್ಯಾಧಿಕಾರಿ ಎಸ್. ಎಲ್. ಮಲ್ಹೋತ್ರ ಅವರು ಲಕ್ಷಾಂತರ ರೈಲ್ವೆ ನೌಕರರ ದಾಖಲೆಗಳನ್ನು ಪರಿಶೀಲಿಸಿ 1967ರಲ್ಲಿ ಪ್ರಕಟಿಸಿದ ಲೇಖನದ ಪ್ರಕಾರ, ಹಾಲು ತುಪ್ಪ ಧಾರಾಳವಾಗಿ ಸೇವಿಸುವ ಪಂಜಾಬಿನ ಕಡೆಯವರಿಗಿಂತ, ಕೊಬ್ಬನ್ನು ಬಹಳ ಕಡಿಮೆ ತಿನ್ನುವ ದಕ್ಷಿಣದವರಲ್ಲಿ ಹೃದ್ರೋಗದ ಸಾವು ಸುಮಾರು 7 ಪಟ್ಟು ಹೆಚ್ಚಾಗಿತ್ತು! ಇದರಿಂದ ತುಪ್ಪ ಹೃದಯವನ್ನು ಕಾಯುತ್ತದೆಂದು ಹೇಳಲಾಗದು. ಎರಡು ಕಡೆಯ ಜೀವನಕ್ರಮದಲ್ಲಿ ನೂರಾರು ವ್ಯತ್ಯಾಸಗಳಿರುತ್ತವೆ. ಆದರೆ ಒಂದೇ ಪದಾರ್ಥವನ್ನು ಕಟಕಟೆಯಲ್ಲಿ ನಿಲ್ಲಿಸಿ ತೀರ್ಪು ಕೊಡುವವರಿಗೆ ಅದೊಂದು ಎಚ್ಚರಿಕೆಯಂತಿತ್ತು.

ಇನ್ನು ವನಸ್ಪತಿಯ ಕಥೆ. 1902ರಲ್ಲಿ ಜರ್ಮನಿಯ ವಿಲ್ಹೆಲ್ಮ್ ನಾರ್ಮನ್ ದ್ರವರೂಪದ ಎಣ್ಣೆಗೆ ಹೈಡ್ರೋಜನ್ ಸೇರಿಸಿ ಗಟ್ಟಿ ಮಾಡುವ ವಿಧಾನಕ್ಕೆ ಪೇಟೆಂಟ್ ಪಡೆದರು. 1937ರಲ್ಲಿ ಡಾಲ್ಡಾ ನಮ್ಮ ದೇಶದ ಮಾರುಕಟ್ಟೆಗೆ ಬಂತು. ತುಪ್ಪ ಕೊಳ್ಳಲಾಗದ ಬಡವರಿಗೆ ವನಸ್ಪತಿ ಅನುಕೂಲವೇ ಆಯಿತು. ಗಾಂಧೀಜಿಯವರು 'ಹರಿಜನ' ಪತ್ರಿಕೆಯಲ್ಲಿ ಅದನ್ನು ವಿರೋಧಿಸಿ ಬರೆದರು. ತುಪ್ಪಕ್ಕೆ ಕಲಬೆರಕೆ ಮಾಡಿದರೆ ಪತ್ತೆಯಾಗಲೆಂದು ವನಸ್ಪತಿಯಲ್ಲಿ ಎಳ್ಳೆಣ್ಣೆ ಇರಲೇಬೇಕೆಂದು ಕಾನೂನು ಬಂತು. ನನ್ನ ತರಗತಿಯಲ್ಲಿ ಕೂತವರಿಗೆ ನೆನಪಿರಬೇಕು: ಪ್ರನಾಳದಲ್ಲಿ ತುಪ್ಪ ಕರಗಿಸಿ, ಪ್ರಬಲ ಹೈಡ್ರೋಕ್ಲೋರಿಕ್ ಆಮ್ಲ ಮತ್ತು ಚಿಟಿಕೆ ಸಕ್ಕರೆ ಹಾಕಿ ಕುಲುಕಿದರೆ, ವನಸ್ಪತಿ ಬೆರೆತಿದ್ದಲ್ಲಿ ಕಡುಗೆಂಪು ಬಣ್ಣ ಬರುತ್ತಿತ್ತು. ನೀವೆಲ್ಲ ಚಪ್ಪಾಳೆ ತಟ್ಟುತ್ತಿದ್ದಿರಿ. ನಿಕ್ಕಲ್ ವೇಗವರ್ಧಕದ ಸಮೀಕರಣವನ್ನು ನಾನು ಕರಿಹಲಗೆಯ ಮೇಲೆ ಹೆಮ್ಮೆಯಿಂದಲೇ ಬರೆಯುತ್ತಿದ್ದೆ.

ಆ ಸಮೀಕರಣದಲ್ಲಿ ಬಿಟ್ಟುಹೋದದ್ದೊಂದಿತ್ತು. ಎಣ್ಣೆಯನ್ನು ಅರೆಬರೆ ಹೈಡ್ರೋಜನೀಕರಿಸಿದಾಗ ಉಳಿದ ದ್ವಿಬಂಧಗಳಲ್ಲಿ ಕೆಲವು ತಿರುಚಿಕೊಂಡು 'ಟ್ರಾನ್ಸ್' ರೂಪ ತಾಳುತ್ತವೆ. ಈ ಟ್ರಾನ್ಸ್ ಕೊಬ್ಬು ಕೆಟ್ಟ ಕೊಲೆಸ್ಟ್ರಾಲನ್ನು ಏರಿಸುವುದಷ್ಟೇ ಅಲ್ಲದೆ ಒಳ್ಳೆಯದನ್ನು ಇಳಿಸುತ್ತದೆಂದು 1990ರಲ್ಲಿ ನೆದರ್ಲೆಂಡ್ಸಿನ ಮೆನ್ಸಿಂಕ್ ಮತ್ತು ಕಟಾನ್ ತೋರಿಸಿಕೊಟ್ಟರು. ತಂದೆಯವರು ಹೋಗಿ ಆಗಲೇ ಮೂರು ವರ್ಷವಾಗಿತ್ತು. ಡೆನ್ಮಾರ್ಕ್ 2003ರಲ್ಲಿ ಕಾನೂನು ಮಾಡಿತು. ಭಾರತದಲ್ಲಿ ಎಣ್ಣೆ ಕೊಬ್ಬುಗಳಲ್ಲಿ ಟ್ರಾನ್ಸ್ ಶೇ 2 ಮೀರಬಾರದೆಂಬ ನಿಯಮ ಜಾರಿಗೆ ಬಂದದ್ದು 2022ರ ಜನವರಿಯಲ್ಲಿ. ಕಡಿಮೆ ಕೆಟ್ಟದ್ದನ್ನು ತೆಗೆದು ಹೆಚ್ಚು ಕೆಟ್ಟದ್ದನ್ನು ತಂದೆಯವರ ತಟ್ಟೆಗೆ ಬಡಿಸಲು ಹೇಳಿದವನು ನಾನು. ಅದರಿಂದಲೇ ಅವರು ಹೋದರೆಂದು ಹೇಳಲಾರೆ. ಬೀಡಿಯ ಅಭ್ಯಾಸವೂ ಅವರಿಗಿತ್ತು. ಆದರೂ ಅಮ್ಮ ಅಟ್ಟಕ್ಕಿಟ್ಟ ಮಿಳ್ಳೆ ಕಣ್ಣಿಗೆ ಬಿದ್ದಾಗಲೆಲ್ಲ ಮನಸ್ಸು ಚುಚ್ಚುತ್ತದೆ.

ಹಾಗಾದರೆ ತುಪ್ಪ ನಿರ್ದೋಷಿಯೇ? ಈಗ ಅನೇಕರು ಈ ಕಡೆಗೂ ಅತಿಯಾಗಿ ವಾಲುತ್ತಿದ್ದಾರೆ. ಫಿನ್ಲೆಂಡಿನ ಉತ್ತರ ಕರೇಲಿಯಾ ಪ್ರಾಂತದಲ್ಲಿ 1972ರಿಂದ ಬೆಣ್ಣೆ, ಉಪ್ಪು, ಹೊಗೆಸೊಪ್ಪು ತಗ್ಗಿಸುವ ಆಂದೋಲನ ನಡೆಯಿತು. ಕೆಲವು ದಶಕಗಳಲ್ಲಿ ದುಡಿಯುವ ವಯಸ್ಸಿನ ಗಂಡಸರ ಹೃದ್ರೋಗದ ಸಾವು ಶೇ 80ಕ್ಕಿಂತ ಹೆಚ್ಚು ಇಳಿಯಿತು. ಇತ್ತ ಅಮೆರಿಕದ ಮಿನ್ನೆಸೋಟದಲ್ಲಿ 1968ರಿಂದ 1973ರವರೆಗೆ ನಡೆದ ಪ್ರಯೋಗದಲ್ಲಿ ಪರ್ಯಾಪ್ತ ಕೊಬ್ಬಿನ ಬದಲು ಜೋಳದ ಎಣ್ಣೆ ಕೊಟ್ಟಾಗ ಕೊಲೆಸ್ಟ್ರಾಲ್ ಇಳಿದರೂ ಸಾವು ಇಳಿಯಲಿಲ್ಲ. 2020ರಲ್ಲಿ ಹಲವು ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದ ಕಾಕ್ರೇನ್ ವಿಮರ್ಶೆ, ಪರ್ಯಾಪ್ತ ಕೊಬ್ಬನ್ನು ಕಡಿಮೆ ಮಾಡಿದವರಲ್ಲಿ ಹೃದಯ ಮತ್ತು ರಕ್ತನಾಳದ ಅವಘಡಗಳು ಸುಮಾರು ಶೇ 17ರಷ್ಟು ತಗ್ಗಿದವು, ಒಟ್ಟು ಸಾವಿನಲ್ಲಿ ಹೆಚ್ಚಿನ ವ್ಯತ್ಯಾಸ ಕಾಣಲಿಲ್ಲ ಎಂದಿತು. ಅದರ ಜಾಗಕ್ಕೆ ಏನು ಬರುತ್ತದೆ ಎಂಬುದೂ ಅಷ್ಟೇ ಮುಖ್ಯ. ತುಪ್ಪ ಬಿಟ್ಟು ಮೈದಾ, ಸಕ್ಕರೆ ಹೆಚ್ಚಿಸಿದರೆ ಲಾಭವಿಲ್ಲ. ಕಾಳು, ಕಡಲೆಬೀಜ, ಒಳ್ಳೆಯ ಎಣ್ಣೆ ಬಂದರೆ ಲಾಭವಿದೆ.

ಒಂದು ಸಣ್ಣ ಲೆಕ್ಕ ಮಾಡಿ ಮುಗಿಸುತ್ತೇನೆ. ದಿನದ ಶಕ್ತಿಯಲ್ಲಿ ಪರ್ಯಾಪ್ತ ಕೊಬ್ಬಿನ ಪಾಲು ಶೇ 10 ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿದೆ. 2000 ಕ್ಯಾಲೊರಿ ಉಣ್ಣುವವನಿಗೆ ಅದು ಸುಮಾರು 22 ಗ್ರಾಂ. ಒಂದು ಟೀ ಚಮಚ ತುಪ್ಪದಲ್ಲಿರುವುದು ಸುಮಾರು 3 ಗ್ರಾಂ. ಹಾಲು, ತೆಂಗಿನಕಾಯಿ, ಕರಿದ ತಿಂಡಿಗಳ ಪಾಲನ್ನೂ ಇದೇ ಲೆಕ್ಕಕ್ಕೆ ಸೇರಿಸಬೇಕು. ಆರೋಗ್ಯವಂತರಿಗೆ ಅನ್ನದ ಮೇಲೊಂದು ಚಮಚ ತುಪ್ಪ ಭಯಪಡುವ ವಿಷಯವಲ್ಲ. ಔಷಧಿಯೆಂದು ಸುರಿದುಕೊಳ್ಳುವ ವಸ್ತುವೂ ಅಲ್ಲ.

ಅಂದು ಎಲೆಗೆ ಕೈ ಅಡ್ಡ ಹಿಡಿದ ನನ್ನ ಶಿಷ್ಯನಿಗೆ ಇಷ್ಟು ಹೇಳುತ್ತೇನೆ: ನಿನ್ನ ಹೃದಯವನ್ನು ಪರೀಕ್ಷಿಸಿದ ವೈದ್ಯರ ಮಾತು ನನ್ನ ಮಾತಿಗಿಂತ ದೊಡ್ಡದು, ಅವರು ಹೇಳಿದ ಮಿತಿಯಲ್ಲಿರು. ತುಪ್ಪ ಬಿಟ್ಟ ಜಾಗಕ್ಕೆ ಏನು ತಿನ್ನಬೇಕೆಂಬುದನ್ನೂ ಅವರನ್ನೇ ಕೇಳು. 1976ರಲ್ಲಿ ನಾನು ಕೇಳದೆ ಬಿಟ್ಟ ಪ್ರಶ್ನೆ ಅದೊಂದೇ.