ಬೂದಿದಿಬ್ಬದಿಂದ ಭತ್ತದ ಗದ್ದೆಗೆ: ನಮ್ಮ ಎರೆಮಣ್ಣಿನ ಕಥೆ

ಬಳ್ಳಾರಿಯಿಂದ ಹೊಸಪೇಟೆಗೆ ಹೋಗುವ ದಾರಿಯಲ್ಲಿ ಕುಡುತಿನಿ ಹತ್ತಿರ ಒಂದು ಬೂದಿದಿಬ್ಬವಿದೆ. ರಾಕ್ಷಸನನ್ನು ಸುಟ್ಟ ಬೂದಿ ಎಂಬ ಕಥೆಯೂ ಇದೆ. ಅಗೆದು ಪರೀಕ್ಷಿಸಿದವರು ಹೇಳಿದ್ದೇ ಬೇರೆ: ಅದು ಸುಮಾರು 4 ಸಾವಿರ ವರ್ಷದ ಹಿಂದಿನ ದನಗಾಹಿಗಳು ಸುಟ್ಟ ಸಗಣಿ. ಸಿರುಗುಪ್ಪ ತಾಲ್ಲೂಕಿನ ತೆಕ್ಕಲಕೋಟೆಯಲ್ಲೂ ಅಂಥ ಹೊಸಶಿಲಾಯುಗದ ಜನರ ನೆಲೆ ಸಿಕ್ಕಿದೆ. ಸಗಣಿ ರಾಶಿ ಹಾಕಿ ಸುಡುವಷ್ಟು ದನ ಇದ್ದ ಸೀಮೆ ನಮ್ಮದು!

ಮುಂದೆ ಈ ಎರೆ ಹೊಲಗಳು ನಡೆದದ್ದೂ ದನಗಳ ಮೇಲೆಯೇ. ಹಿಂಗಾರಿ ಜೋಳ, ಹತ್ತಿ, ನವಣೆ. ನಡುವೆ ಅಕ್ಕಡಿ ಸಾಲು. ತಿಪ್ಪೆಗೊಬ್ಬರದ ಜೊತೆಗೆ ಕುರುಬರ ಕುರಿಗಳನ್ನು ರಾತ್ರಿ ಹೊಲದಲ್ಲಿ ನಿಲ್ಲಿಸಿಕೊಂಡು ಕಾಳು ಕೊಡುತ್ತಿದ್ದರು. ಹಾಗೆಂದು ಅದು ಸುಖದ ಕಾಲವೇನಲ್ಲ. ಮಳೆ ಕೈಕೊಟ್ಟರೆ ಬರ. 1876-78ರ ಬರದಲ್ಲಿ ಈ ಜಿಲ್ಲೆ ಬೆಂದುಹೋಗಿತ್ತು.

ಹಾಗಾಗಿ 1953ರಲ್ಲಿ ತುಂಗಭದ್ರಾ ನೀರು ಬಂದಾಗ ಜನ ಹಿಗ್ಗಿದ್ದು ಸಹಜ. ಅದೇ ವರ್ಷ ಬಳ್ಳಾರಿ ಮದ್ರಾಸಿನಿಂದ ಮೈಸೂರಿಗೆ ಸೇರಿತು. ಯೋಜನೆ ಮಾಡಿದವರ ಲೆಕ್ಕದಲ್ಲಿ ಬಹುಪಾಲು ಭೂಮಿಗೆ ಅರೆ ನೀರಾವರಿ ಬೆಳೆ. ಆದರೆ ಕಾಲುವೆಯ ಮೇಲ್ಭಾಗದವರು ಭತ್ತ ಹಚ್ಚಿದರು, ಕೊನೆಯವರು ನೀರಿಗಾಗಿ ಕಾದರು. ಹೊಸ ತಳಿಗಳ ಜೊತೆ ಯೂರಿಯಾ, ಡಿಎಪಿ ಬಂತು, ಟ್ರ್ಯಾಕ್ಟರ್ ಬಂತು, ಎತ್ತು ಹೋಯಿತು, ತಿಪ್ಪೆಯೂ ಹೋಯಿತು. ನೀರು ನಿಂತಲ್ಲಿ ಉಪ್ಪು ಮೇಲೆದ್ದು ಹೊಲ ಸವಳಾಯಿತು.

2004ರಲ್ಲಿ ರಾಜ್ಯ ಸರ್ಕಾರ ಸಾವಯವ ನೀತಿ ತಂದಿತು. ಸುಭಾಷ್ ಪಾಳೇಕರ್ ಅವರ ಜೀವಾಮೃತದ ಮಾತು ಹಳ್ಳಿಗಳಿಗೂ ತಲುಪಿತು. ಆದರೆ ಮನೆಯಲ್ಲಿ ಒಂದು ಆಕಳೂ ಇಲ್ಲದಾಗ ಸಗಣಿ ಎಲ್ಲಿಂದ ತರಬೇಕು? ನನ್ನ ಪ್ರಕಾರ ಸಿರುಗುಪ್ಪ, ಕುರುಗೋಡು ಕಡೆಯ ನಿಜವಾದ ತೊಡಕು ಇದೇ. ಇನ್ನೊಂದು, ಗುತ್ತಿಗೆ. ವರ್ಷಕ್ಕೆ ಇಷ್ಟು ಚೀಲ ಎಂದು ಹೊಲ ಹಿಡಿದವನು ಮೂರು ವರ್ಷದ ನಂತರ ಫಲ ಕೊಡುವ ಮಣ್ಣಿಗೆ ಯಾಕೆ ದುಡ್ಡು ಸುರಿಯುತ್ತಾನೆ? ಸಾವಯವ ಪ್ರಮಾಣಪತ್ರಕ್ಕೂ ವಾರ್ಷಿಕ ಬೆಳೆಯವರು ಎರಡು ವರ್ಷ ಕಾಯಬೇಕು.

ಸ್ವಂತ ಹೊಲ ಇದ್ದವರು ಒಂದು ಎಕರೆಯಿಂದ ಶುರುಮಾಡಬಹುದು. ಭತ್ತಕ್ಕೆ ಮೊದಲು ಸೆಣಬು ಅಥವಾ ಡಯಂಚ ಬಿತ್ತಿ, ಹೂ ಬಿಡುವ ಹೊತ್ತಿಗೆ ಮಣ್ಣಿಗೆ ಸೇರಿಸುವುದು, ಹುಲ್ಲಿಗೆ ಬೆಂಕಿ ಹಚ್ಚದಿರುವುದು, ಕುರಿ ನಿಲ್ಲಿಸುವುದು. ಸವಳು ಹೊಲಕ್ಕೆ ಮಾತ್ರ ಗೊಬ್ಬರವೊಂದೇ ಸಾಲದು, ಮೊದಲು ಬಸಿಗಾಲುವೆ ತೆಗೆಯಬೇಕು. ಆ ಕಾಲುವೆ ಪಕ್ಕದವರ ಹೊಲ ದಾಟಿಯೇ ಹಳ್ಳಕ್ಕೆ ಸೇರಬೇಕಾದ್ದರಿಂದ, ಅವರ ಜೊತೆ ಮಾತುಕತೆಯೂ ಮೊದಲೇ ಆಗಬೇಕು.