ಮನೆ ಮಾರಿ ಅಚ್ಚುಕೂಟ ಹಾಕಿದ ವಕೀಲರು

ಇವತ್ತು ಬಸವಣ್ಣನವರ ವಚನವೊಂದು ಬೇಕೆಂದರೆ ಮೊಬೈಲಿನಲ್ಲಿ ಎರಡು ಪದ ಬರೆದರೆ ಸಾಕು, ಸಿಕ್ಕಿಬಿಡುತ್ತದೆ. ಶಾಲೆಯ ಗೋಡೆ, ಪಂಚಾಯಿತಿ ಕಟ್ಟೆ, ಮದುವೆಯ ಕರೆಯೋಲೆ, ಎಲ್ಲಿ ನೋಡಿದರೂ ವಚನ. ಇವು ಯಾವಾಗಲೂ ಹೀಗೇ ಎಲ್ಲರ ಕೈಯಲ್ಲಿದ್ದವು ಎಂದು ನಾವೂ ಬಹಳ ದಿನ ಅಂದುಕೊಂಡಿದ್ದೆವು. ಆದರೆ ಹಾಗಿರಲಿಲ್ಲ.

ಸುಮಾರು 120 ವರ್ಷಗಳ ಹಿಂದೆ ಕೆಲವೇ ವಚನ ಪುಸ್ತಕಗಳು ಅಚ್ಚಾಗಿದ್ದವು. ಉಳಿದವೆಲ್ಲ ಮಠಗಳಲ್ಲಿ, ಮನೆಗಳ ಜಗುಲಿಯ ಮೇಲೆ ತಾಡೋಲೆಯ ಕಟ್ಟುಗಳಾಗಿ ಕೂತಿದ್ದವು. ಬಟ್ಟೆ ಸುತ್ತಿದ ಆ ಕಟ್ಟುಗಳಿಗೆ ಜನ ಹೂವಿಟ್ಟು ಕೈಮುಗಿಯುತ್ತಿದ್ದರು. ಬಿಚ್ಚಿ ಓದುವವರು ಮಾತ್ರ ಕಡಿಮೆ. ಓದದ ಗರಿಗೆ ಎಣ್ಣೆ ಸವರುವವರೂ ಇರಲಿಲ್ಲ. ಎಣ್ಣೆ ಕಾಣದ ಗರಿ ಒಣಗಿ ಮುರಿಯುತ್ತದೆ, ಇಲ್ಲವೇ ಹುಳುವಿನ ಪಾಲಾಗುತ್ತದೆ.

ಈ ಕಟ್ಟುಗಳನ್ನು ಬಿಚ್ಚಲು ಹೊರಟವರು ಫಕೀರಪ್ಪ ಗುರುಬಸಪ್ಪ ಹಳಕಟ್ಟಿ. ಹುಟ್ಟಿದ್ದು 1880ರ ಜುಲೈ 2ರಂದು, ಧಾರವಾಡದಲ್ಲಿ. ತಂದೆ ಶಿಕ್ಷಕರು. ಮುಂಬೈಯಲ್ಲಿ ಓದಿ, 1904ರಲ್ಲಿ ಕಾನೂನು ಪದವಿ ಪಡೆದು, ವಿಜಾಪುರದಲ್ಲಿ ವಕೀಲಿಕೆಗೆ ನಿಂತರು. ಅಂದರೆ ಅವರು ಪಂಡಿತರಾಗಿ ಕೆಲಸಕ್ಕೆ ಇಳಿದವರಲ್ಲ. ಹಗಲು ಕೋರ್ಟು, ಕಕ್ಷಿದಾರರು, ಕಾಗದಪತ್ರ. ಉಳಿದ ಹೊತ್ತು ತಾಡೋಲೆ. ಊರೂರು ತಿರುಗಿ, ಮಠದ ಬಾಗಿಲಿಗೆ ಹೋಗಿ, ಮನೆಯವರ ಮನ ಒಲಿಸಿ ಕಟ್ಟುಗಳನ್ನು ಕೂಡಿಹಾಕಿದರು.

ಕೂಡಿಹಾಕಿದರೆ ಕೆಲಸ ಮುಗಿಯಲಿಲ್ಲ. ತಾಡೋಲೆಯಲ್ಲಿ ಪದಕ್ಕೂ ಪದಕ್ಕೂ ನಡುವೆ ಜಾಗ ಬಿಟ್ಟಿರುವುದಿಲ್ಲ. ಅಕ್ಷರಗಳ ರೂಪವೂ ಹಳೆಯದು. ಒಂದೇ ಕಟ್ಟಿನಲ್ಲಿ ಹಲವು ಶರಣರ ಮಾತು ಬೆರೆತಿರುತ್ತದೆ. ಒಂದೇ ವಚನ ಬೇರೆ ಬೇರೆ ಕಟ್ಟಿನಲ್ಲಿ ಬೇರೆ ಬೇರೆ ರೀತಿ ಇರುತ್ತದೆ. ಯಾರ ವಚನ ಯಾವುದು ಎಂದು ಗುರುತಿಸಲು ಅಂಕಿತವೇ ದಾರಿ. ಕೂಡಲಸಂಗಮದೇವ ಎಂದಿದ್ದರೆ ಬಸವಣ್ಣನವರದು, ಗುಹೇಶ್ವರ ಎಂದಿದ್ದರೆ ಅಲ್ಲಮಪ್ರಭುಗಳದು, ಚೆನ್ನಮಲ್ಲಿಕಾರ್ಜುನ ಎಂದಿದ್ದರೆ ಅಕ್ಕಮಹಾದೇವಿಯದು. ಹೀಗೆ ಗರಿಗರಿ ಬಿಡಿಸಿ, ಕೈಯಲ್ಲಿ ನಕಲು ಮಾಡಿ, ವಿಷಯದ ಪ್ರಕಾರ ವಿಂಗಡಿಸಬೇಕಿತ್ತು.

ವರ್ಷಗಟ್ಟಲೆ ದುಡಿದ ಮೇಲೆ ‘ವಚನಶಾಸ್ತ್ರಸಾರ’ದ ಹಸ್ತಪ್ರತಿ ಸಿದ್ಧವಾಯಿತು. ಮಂಗಳೂರಿನ ಬಾಸೆಲ್ ಮಿಷನ್ ಅಚ್ಚುಕೂಟಕ್ಕೆ ಕಳಿಸಿದರು. ಅಲ್ಲಿ ಅಚ್ಚಾಗದೆ ವಾಪಸ್ ಬಂತು. ಇಷ್ಟು ದುಡಿದ ಮೇಲೆ ಹೀಗಾದರೆ ಯಾರಿಗಾದರೂ ಕೈ ಸೋಲುತ್ತದೆ. ಹಳಕಟ್ಟಿಯವರು ಬೆಳಗಾವಿಯ ದಾರಿ ಹಿಡಿದರು. 1923ರಲ್ಲಿ ಮೊದಲ ಭಾಗ ಅಲ್ಲಿ ಅಚ್ಚಾಗಿ ಹೊರಬಂತು.

ಆದರೆ ಪ್ರತಿ ಪುಸ್ತಕಕ್ಕೂ ಇನ್ನೊಬ್ಬರ ಬಾಗಿಲಲ್ಲಿ ನಿಲ್ಲುತ್ತ ಹೋದರೆ ಗರಿಗಳು ಕಾಯುವುದಿಲ್ಲವಲ್ಲ? ತಮ್ಮ ಸ್ವಂತ ಮನೆಯನ್ನೇ ಮಾರಿ, 1925ರಲ್ಲಿ ವಿಜಾಪುರದಲ್ಲಿ ‘ಹಿತಚಿಂತಕ’ ಮುದ್ರಣಾಲಯ ತೆರೆದರು. ತಾವು ಬಾಡಿಗೆ ಮನೆಗೆ ಹೋದರು. 1926ರಲ್ಲಿ ‘ಶಿವಾನುಭವ’ ಪತ್ರಿಕೆ, 1927ರಲ್ಲಿ ‘ನವಕರ್ನಾಟಕ’ ವಾರಪತ್ರಿಕೆ ಶುರುವಾದವು. ‘ಶಿವಾನುಭವ’ವನ್ನು ದಶಕಗಳ ಕಾಲ ನಡೆಸಿದರು. ಅಲ್ಲಮ, ಅಕ್ಕ ಮಾತ್ರವಲ್ಲ, ಹೆಸರೇ ಕೇಳಿರದ ಎಷ್ಟೋ ಕಾಯಕದ ಶರಣ ಶರಣೆಯರ ಮಾತು ಅಚ್ಚಿಗೆ ಬಂತು.

ಅವರಿಗೆ ಬೇರೆ ಕೆಲಸವೇ ಇರಲಿಲ್ಲವೆ? ಬೇಕಾದಷ್ಟಿತ್ತು. 1910ರಲ್ಲಿ ಹುಟ್ಟಿದ ಬಿ.ಎಲ್.ಡಿ.ಇ. ವಿದ್ಯಾಸಂಸ್ಥೆಯ ಹಿಂದೆ ಅವರ ದುಡಿಮೆ ಇದೆ. 1912ರ ಸಿದ್ಧೇಶ್ವರ ಬ್ಯಾಂಕಿನ ಹಿಂದೆಯೂ ಇದೆ. 1926ರಲ್ಲಿ ಬಳ್ಳಾರಿಯ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು. ಮನಸ್ಸು ಬೇರೆ ಕಡೆ ಎಳೆಯಲು ಕಾರಣಗಳು ನಮಗಿಂತ ಅವರಿಗೇ ಹೆಚ್ಚಿದ್ದವು. ಆದರೂ ಸಂಜೆಯಾದರೆ ಮತ್ತೆ ಅದೇ ತಾಡೋಲೆ, ಅದೇ ಕರಡು ತಿದ್ದುವ ಕೆಲಸ. ಕೈಗೆ ಹತ್ತು ಕೆಲಸ ಬಂದರೂ ಈ ಒಂದನ್ನು ಕೆಳಗಿಡಲಿಲ್ಲ.

ಇಲ್ಲಿ ಒಂದು ಮಾತು ಬಚ್ಚಿಡಬಾರದು. ಅವರ ಪುಸ್ತಕಗಳು ದೋಷವಿಲ್ಲದವಲ್ಲ. ಮುಂದೆ ಹೆಚ್ಚು ತಾಡೋಲೆಗಳು ಸಿಕ್ಕಾಗ ವಿದ್ವಾಂಸರು ಪಾಠಗಳನ್ನು ಹೋಲಿಸಿ ತಿದ್ದಿದರು. 1993ರಲ್ಲಿ ಕರ್ನಾಟಕ ಸರ್ಕಾರ ಎಂ.ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ 15 ಸಂಪುಟಗಳ ಸಮಗ್ರ ವಚನ ಸಾಹಿತ್ಯವನ್ನು ಹೊರತಂದಿತು. ಹಳಕಟ್ಟಿಯವರು ‘ಎಲ್ಲ ಪ್ರತಿ ಸಿಗಲಿ, ದುಡ್ಡು ಕೂಡಲಿ, ನಾನು ಇನ್ನಷ್ಟು ಕಲಿಯಲಿ’ ಎಂದು ಯೋಚಿಸುತ್ತ ಕೂತಿದ್ದರೆ ತಪ್ಪೇ ಆಗುತ್ತಿರಲಿಲ್ಲ. ಆದರೆ ಮುಂದಿನವರಿಗೆ ತಿದ್ದಲು ಎಷ್ಟು ಉಳಿದಿರುತ್ತಿತ್ತು? ಅಚ್ಚಾದ ತಪ್ಪನ್ನು ಮುಂದೆ ಯಾರಾದರೂ ತಿದ್ದಬಹುದು. ಹುಳು ತಿಂದ ಗರಿಯನ್ನು ಯಾರೂ ಓದಲಾರರು.

1956ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯ ಅವರಿಗೆ ಗೌರವ ಡಾಕ್ಟರೇಟ್ ಕೊಟ್ಟಿತು. 1964ರ ಜೂನ್ 29ರಂದು ತೀರಿಕೊಂಡರು. ಹಣ ಉಳಿಸಿಕೊಳ್ಳಲಿಲ್ಲ. ಅವರು ಹುಟ್ಟಿದ ಜುಲೈ 2ನ್ನು ಈಗ ವಚನ ಸಾಹಿತ್ಯ ಸಂರಕ್ಷಣಾ ದಿನವೆಂದು ಆಚರಿಸುತ್ತಾರೆ.

ನಮ್ಮ ಊರುಗಳಲ್ಲೂ ಜಗುಲಿಯ ಮೇಲೆ, ಅಟ್ಟದ ಮೇಲೆ ಇನ್ನೂ ಏನೇನೋ ಇವೆ. ಅಜ್ಜನ ಕಾಲದ ಲೆಕ್ಕದ ಪುಸ್ತಕ, ಬಯಲಾಟದ ಕೈಬರಹದ ಪ್ರತಿ. ಅಜ್ಜಿಯ ಬೀಸುವ ಪದಗಳಂತೂ ಬರಹದಲ್ಲೇ ಇಲ್ಲ, ಅವಳ ನಾಲಿಗೆಯ ಮೇಲಿವೆ. ಇವನ್ನು ಬರೆದಿಡಲು ಮನೆ ಮಾರಬೇಕಿಲ್ಲ. ಒಳ್ಳೆಯ ಮೈಕು ಬರಲಿ, ಬಿಡುವು ಸಿಗಲಿ ಎಂದು ನಾವೂ ಎಷ್ಟೋ ಸಲ ಮುಂದಕ್ಕೆ ಹಾಕಿದ್ದೇವೆ. ನೀವು ಈಗ ಇದನ್ನು ಓದುತ್ತಿರುವ ಮೊಬೈಲಿನಲ್ಲೇ ಧ್ವನಿ ಮುದ್ರಿಸುವ ಗುಂಡಿ ಇದೆ. ಇವತ್ತು ಸಂಜೆ ಅಜ್ಜಿಯ ಪಕ್ಕ ಕೂತು ಒಂದು ಪದ ಹಾಡಿಸಿ. ಎರಡನೆಯದು ನಾಳೆಗಿರಲಿ.